ಬೆಳೆಗಾರರ ಗುಂಪಿನಲ್ಲಿ ಇಮೋಜಿ, ಪೋಲ್, ಪಟ್ಟಿ: ಯಾವುದು ಮಾತಾಡಿಸುತ್ತದೆ?

ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಓದುವವರು ಬಹಳ, ಬರೆಯುವವರು ನಾಲ್ಕೈದು ಜನ. ಸುಮ್ಮನಿರುವವರನ್ನು ಮಾತಿಗೆ ತರಲು ಯಾವ ಗುರುತು ಒದಗುತ್ತದೆ ಎಂದು ಬಳಸಿ ನೋಡಿದರೆ ಒಂದೊಂದರ ಫಲ ಒಂದೊಂದು ಥರ.

2022ರಲ್ಲಿ ಬಂದ ಇಮೋಜಿ ಪ್ರತಿಕ್ರಿಯೆ ಎಲ್ಲಕ್ಕಿಂತ ಸುಲಭ. ತೊಂದರೆಯೂ ಅಲ್ಲೇ ಇದೆ. ಕೊಳೆರೋಗ ಬಂದ ಅಡಿಕೆ ಕಾಯಿಯ ಫೋಟೋ ಹಾಕಿ "ಏನು ಮಾಡೋದು?" ಎಂದು ಕೇಳಿದರೆ ಸಾಲುಸಾಲು ಕೈಮುಗಿದ ಚಿಹ್ನೆ ಬರುತ್ತದೆ, ಉತ್ತರ ಬರುವುದಿಲ್ಲ. ಚಿಹ್ನೆ ಒತ್ತಿದವರಿಗೆ ತಮ್ಮ ಪಾಲಿನದು ಮುಗಿಯಿತು ಅನ್ನಿಸಿಬಿಡುತ್ತದೆ. ಅದರ ಸೂಚನೆ ಹೋಗುವುದೂ ಫೋಟೋ ಹಾಕಿದವರಿಗೆ ಮಾತ್ರ. "ನಾಳೆ ಕೊನೆಗಾರರು (ಅಡಿಕೆ ಗೊನೆ ಕೊಯ್ಯುವವರು) ಬರ್ತಾರೆ" ಎಂಬಂಥ ತಿಳಿವಳಿಕೆಗೆ ಹೆಬ್ಬೆಟ್ಟು ಸಾಕು, ಪ್ರಶ್ನೆಗೆ ಸಾಲದು.

ಪೋಲ್, ಅಂದರೆ ಪ್ರಶ್ನೆಯ ಜೊತೆ ಆಯ್ಕೆಗಳನ್ನು ಕೊಟ್ಟು ಮತ ಹಾಕಿಸುವುದು, ಇದಕ್ಕಿಂತ ಎಷ್ಟೋ ವಾಸಿ. ಟೈಪ್ ಮಾಡಲು ಹಿಂಜರಿಯುವ ಹಿರಿಯರೂ ಒತ್ತುತ್ತಾರೆ. ವಾಟ್ಸಾಪಿನಲ್ಲಿ 12 ಆಯ್ಕೆ ಕೊಡಬಹುದಾದರೂ ನಾಲ್ಕು ದಾಟಿಸಬೇಡಿ. ಒಂದಕ್ಕಿಂತ ಹೆಚ್ಚು ಉತ್ತರಕ್ಕೆ ಅವಕಾಶ ಕೊಡುವ ಗುಂಡಿಯನ್ನು ಮೊದಲೇ ಆಫ್ ಮಾಡಿ, ಇಲ್ಲದಿದ್ದರೆ ಲೆಕ್ಕ ಕಲಸಿಹೋಗುತ್ತದೆ. ನಿಜವಾದ ಕೊರತೆ ಬೇರೆ: ಮತ ಹಾಕುವ ಮೊದಲೇ ಎಣಿಕೆ ಕಾಣುತ್ತದೆ, ಯಾರು ಯಾವುದಕ್ಕೆ ಒತ್ತಿದರೆಂಬುದೂ ತೆರೆದರೆ ಸಿಗುತ್ತದೆ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಎರಡನೇ ಸಿಂಪಡಣೆ ಮೊದಲನೆಯದಾದ 40–45 ದಿನಕ್ಕೇ ಆಗಬೇಕೋ, ಮಳೆ ಬಿಡುವು ಕೊಡುವ ತನಕ ಕಾಯಬೇಕೋ ಎಂದು ಕೇಳಿದಾಗ ಊರಿನ ದೊಡ್ಡ ಬೆಳೆಗಾರರೊಬ್ಬರು ಮೊದಲು ಒತ್ತಿದರೆ ಮುಂದಿನವರು ಅದನ್ನೇ ಹಿಡಿಯುತ್ತಾರೆ. ಟೆಲಿಗ್ರಾಂ ಪೋಲ್‌ನಲ್ಲಿ ಹೆಸರು ಮರೆಮಾಡಬಹುದು, ಮತ ಹಾಕಿದ ಮೇಲಷ್ಟೇ ಫಲಿತಾಂಶ ಕಾಣುತ್ತದೆ. ಭಿನ್ನಾಭಿಪ್ರಾಯವಿರುವ ವಿಷಯಕ್ಕೆ ಅದೇ ಸರಿ. ಆದರೆ ಎಲ್ಲರ ಫೋನಿನಲ್ಲಿ ಟೆಲಿಗ್ರಾಂ ಇರುವುದಿಲ್ಲವಲ್ಲ!

ಮೂರನೆಯದು, ಯಾರು ಎಷ್ಟು ಬರೆದರೆಂಬ ಪಟ್ಟಿ. ಚಾಟ್ ಅನ್ನು ಮೀಡಿಯಾ ಇಲ್ಲದೆ ಎಕ್ಸ್‌ಪೋರ್ಟ್ ಮಾಡಿ, ಹೆಸರುವಾರು ಎಣಿಸಿ ಗುಂಪಿಗೇ ಹಾಕುವುದು. 2004ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕಿ ಜೋನ್ ಡಿಮಿಕೊ ಮತ್ತು ಸಂಗಡಿಗರು ಮುಖಾಮುಖಿ ಸಭೆಗಳಲ್ಲಿ ಯಾರು ಎಷ್ಟು ಮಾತಾಡಿದರೆಂಬುದನ್ನು ಪರದೆಯ ಮೇಲೆ ತೋರಿಸಿದಾಗ ಹೆಚ್ಚು ಮಾತಾಡುವವರು ಕಡಿಮೆ ಮಾಡಿದರು, ಕಡಿಮೆ ಮಾತಾಡುವವರು ಮಾತ್ರ ಹೆಚ್ಚಿಸಲಿಲ್ಲ. ನಮ್ಮ ಗುಂಪುಗಳಲ್ಲೂ ಹಾಗೇ. ಎಣಿಕೆಯಲ್ಲೂ ದೋಷವಿದೆ: ಮೂರು ನಿಮಿಷದ ವಾಯ್ಸ್ ಮೆಸೇಜು ಒಂದು, "ಶುಭೋದಯ"ವೂ ಒಂದು. ಅನುಭವಿಗಳು ಹೆಚ್ಚಾಗಿ ವಾಯ್ಸ್‌ನಲ್ಲೇ ಹೇಳುವುದರಿಂದ ಅನ್ಯಾಯ ಅವರಿಗೇ. ಹಾಕಲೇಬೇಕೆಂದಿದ್ದರೆ ಅಡ್ಮಿನ್‌ಗಳ ನಡುವೆ ಇಟ್ಟುಕೊಳ್ಳಿ.

ಗೂಗಲ್ ಮೀಟ್‌ನ ಕೈ ಎತ್ತುವ ಗುರುತು ಸರದಿ ಕಾಯಿಸಲು ಒಳ್ಳೆಯದು, ಜೂನ್–ಆಗಸ್ಟ್‌ನಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಊರುಗಳಿಗೆ ಆಗದು.

ಒಂದನ್ನೇ ಆರಿಸುವುದಾದರೆ ಪೋಲ್. ಅದು ಮುಗಿದ ಮೇಲೆ ಕಡಿಮೆ ಮತ ಬಿದ್ದ ಆಯ್ಕೆಗೆ ಒತ್ತಿದ ಇಬ್ಬರಿಗೆ ಫೋನ್ ಮಾಡಿ, "ನಿಮ್ಮ ತೋಟದಲ್ಲಿ ಹೇಗೆ, ಒಂದು ವಾಯ್ಸ್ ಹಾಕ್ತೀರಾ?" ಎಂದು ಕೇಳಿ. ಗುಂಪಿನಲ್ಲೇ ಹೆಸರು ಹಿಡಿದು ಕೇಳಿದರೆ ಮುಜುಗರಪಟ್ಟು ಮತ ಬದಲಿಸುತ್ತಾರೆ.