ಮೂಲ ಟೈರಿಗೆ ಹೊಸ ಚಕ್ರ: ಪಿಕಪ್‌ಗೆ ಹಾಕಿಸಿದ 17 ಇಂಚಿನ ಅಲಾಯ್ ವೀಲ್‌ಗಳ ವಿಮರ್ಶೆ

ಕಂಪನಿಯಿಂದ ಬಂದ ಟೈರುಗಳನ್ನೇ ಉಳಿಸಿಕೊಂಡು ಚಕ್ರಗಳನ್ನಷ್ಟೇ ಬದಲಾಯಿಸಬೇಕೆಂದು ಹೊರಟವರಿಗೆ ಆಯ್ಕೆ ಅಂದುಕೊಂಡಷ್ಟು ವಿಶಾಲವಾಗಿರುವುದಿಲ್ಲ. ಪಿಕಪ್‌ಗಳಿಗೆಂದು ಹೊರಗಿನ ಅಂಗಡಿಗಳಲ್ಲಿ ಮಾರುವ ಆಫ್ಟರ್‌ಮಾರ್ಕೆಟ್ ಅಲಾಯ್‌ಗಳಲ್ಲಿ ಬಹಳಷ್ಟು, ಎತ್ತರಿಸಿದ ಸಸ್ಪೆನ್ಷನ್ ಮತ್ತು ದಪ್ಪ ಟೈರುಗಳನ್ನು ಗಮನದಲ್ಲಿಟ್ಟುಕೊಂಡು ರೂಪಿಸಿದವು. ಅವು ಹೊರಕ್ಕೆ ಚಾಚಿಕೊಂಡಷ್ಟೂ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ, ಮೂಲ ಟೈರಿನೊಂದಿಗೆ ಕೂರಿಸಿದಾಗ ಮಾತ್ರ ಗಾಡಿಗೆ ಬೇರೆಯವರ ಚಪ್ಪಲಿ ತೊಡಿಸಿದಂತಾಗುತ್ತದೆ. ನಾನು ಇಲ್ಲಿ ವಿಮರ್ಶಿಸುತ್ತಿರುವುದು ಟೊಯೋಟಾ ಹೈಲಕ್ಸ್‌ಗೆ ಹಾಕಿಸಿದ, 17 ಇಂಚು ವ್ಯಾಸ, 8 ಇಂಚು ಅಗಲ ಮತ್ತು ಪ್ಲಸ್ 20 ಆಫ್‌ಸೆಟ್ (ಚಕ್ರದ ಅಗಲದ ನಡುಗೆರೆಯಿಂದ ಅದು ಗಾಡಿಗೆ ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬ ಅಳತೆ; ಇದು ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಚಾಚುತ್ತದೆ) ಇರುವ ಎರಕದ ಅಲಾಯ್‌ಗಳ ಒಂದು ಸೆಟ್ಟನ್ನು. ಟೈರುಗಳು ಗಾಡಿಯೊಂದಿಗೇ ಬಂದ 265/65 ಆರ್ 17 ಅಳತೆಯವು, ಅಂದರೆ 265 ಮಿ.ಮೀ. ಅಗಲ, ಅದರ ಶೇಕಡಾ 65ರಷ್ಟು ಪಕ್ಕದ ಗೋಡೆಯ ಎತ್ತರ, 17 ಇಂಚಿನ ರಿಮ್.

ಅಳತೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಚಕ್ರಗಳ ಗುಣವೆಲ್ಲ ಅಲ್ಲಿಯೇ ಇದೆ. ಮೂಲ ಚಕ್ರದ ಅಗಲ 7.5 ಇಂಚು, ಆಫ್‌ಸೆಟ್ ಪ್ಲಸ್ 30. ಹಬ್ಬಿಗೆ (ಚಕ್ರವನ್ನು ಬಿಗಿಯುವ ಆಕ್ಸಲ್ ತುದಿಯ ಭಾಗಕ್ಕೆ) ಕೂರುವ ಮುಖದಿಂದ ಲೆಕ್ಕ ಹಾಕಿದರೆ ಹೊಸ ರಿಮ್ಮಿನ ಹೊರ ಅಂಚು ಹಳೆಯದಕ್ಕಿಂತ ಸುಮಾರು 16 ಮಿ.ಮೀ. ಹೊರಗೆ ಬರುತ್ತದೆ, ಒಳ ಅಂಚು ಸಸ್ಪೆನ್ಷನ್ನಿನಿಂದ ಮೂರೂವರೆ ಮಿಲಿಮೀಟರಿನಷ್ಟು ದೂರ ಸರಿಯುತ್ತದೆ. ಅಂದರೆ ಒಳಗಡೆ ತಾಗುವ ಭಯವಿಲ್ಲ, ಹೊರಗಡೆ ಟೈರು ಮಡ್‌ಗಾರ್ಡಿನ ನೆರಳಿನಲ್ಲಿಯೇ ಉಳಿಯುತ್ತದೆ. ಇದೇ ಜಾಗದಲ್ಲಿ ಬಹಳ ಜನಪ್ರಿಯವಾಗಿರುವ 9 ಇಂಚು ಅಗಲದ, ಮೈನಸ್ 12 ಆಫ್‌ಸೆಟ್‌ನ ಚಕ್ರವನ್ನು ಹಾಕಿದ್ದರೆ ಹೊರ ಅಂಚು ಪ್ರತಿ ಬದಿಗೆ ಸುಮಾರು 61 ಮಿ.ಮೀ. ಹೊರಗೆ ಬರುತ್ತಿತ್ತು. ಆಗ ಸ್ಟೇರಿಂಗ್ ತಿರುಗುವ ಅಕ್ಷದಿಂದ ಟೈರಿನ ನಡುಭಾಗ ದೂರವಾಗಿ ರಸ್ತೆಯ ಪ್ರತಿ ಏಟೂ ಕೈಗೆ ತಿಳಿಯತೊಡಗುತ್ತದೆ, ವೀಲ್ ಬೇರಿಂಗ್ ಮೇಲಿನ ಹೊರೆ ಹೆಚ್ಚುತ್ತದೆ, ಕೆಸರು ನೇರವಾಗಿ ಬಾಗಿಲಿಗೇ ರಾಚುತ್ತದೆ. ಟೈರು ಮಡ್‌ಗಾರ್ಡಿನಿಂದ ಹೊರಗೆ ಇಣುಕಬಾರದೆಂಬ ಕಾನೂನು ಹಲವು ದೇಶಗಳಲ್ಲಿದೆ ಎಂಬುದನ್ನೂ ಇಂತಹ ಚಕ್ರ ಕೊಳ್ಳುವವರು ಮರೆಯುವಂತಿಲ್ಲ.

ಟೈರಿನ ದೃಷ್ಟಿಯಿಂದ ನೋಡಿದರೂ 8 ಇಂಚು ಒಳ್ಳೆಯ ಅಗಲ. 265/65 ಆರ್ 17 ಟೈರಿಗೆ ಒಪ್ಪಿತವಾದ ರಿಮ್ ಅಗಲ 7.5ರಿಂದ 9.5 ಇಂಚು, ಟೈರಿನ ಅಗಲವನ್ನು ಅಳೆಯಲು ಬಳಸುವ ಪ್ರಮಾಣಿತ ರಿಮ್ 8 ಇಂಚಿನದು. ಅರ್ಥಾತ್ ಕಾರ್ಖಾನೆಯ ಚಕ್ರವೇ ಈ ಮಿತಿಯ ಕೆಳ ಅಂಚಿನಲ್ಲಿದೆ. ರಿಮ್ ಅರ್ಧ ಇಂಚು ಅಗಲವಾದಾಗ ಟೈರು ಸುಮಾರು 5 ಮಿ.ಮೀ. ಅಗಲವಾಗಿ, ಪಕ್ಕದ ಗೋಡೆ ಸ್ವಲ್ಪ ನೆಟ್ಟಗೆ ನಿಲ್ಲುತ್ತದೆ. ತಿರುವಿನಲ್ಲಿ ಈ ಬಿಗಿತ ಅನುಭವಕ್ಕೆ ಬರುತ್ತದೆ, ಆದರೆ ರಿಮ್ಮಿನ ತುಟಿ ಟೈರಿನ ಮರೆಯಿಂದ ತುಸು ಹೊರಗೆ ಬರುವುದರಿಂದ ಪಾದಚಾರಿ ಕಟ್ಟೆಯ ಪಕ್ಕ ನಿಲ್ಲಿಸುವಾಗ ಮೊದಲಿಗಿಂತ ಎಚ್ಚರ ಬೇಕು.

ಜೋಡಣೆಯ ದಿನ ಟೈರನ್ನು ರಿಮ್ಮಿಗೆ ಏರಿಸುವ ಮೊದಲೇ ಬರಿಯ ಚಕ್ರವನ್ನು ಮುಂದಿನ ಹಬ್ಬಿಗೆ ಸಿಕ್ಕಿಸಿ ಕೈಯಿಂದ ತಿರುಗಿಸಿ ನೋಡಲು ಹೇಳಿದೆ. ಟೈರು ಏರಿದ ಚಕ್ರವನ್ನು ಮಾರಿದವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ವ್ಯಾಸ 17 ಇಂಚೇ ಆಗಿದ್ದರೂ ಕಡ್ಡಿಗಳ ಒಳಬೆನ್ನು, ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗೆ ತಾಗಬಹುದು. ಇಲ್ಲಿ ಕ್ಯಾಲಿಪರ್ ಮತ್ತು ಕಡ್ಡಿಯ ನಡುವೆ ಕಿರುಬೆರಳು ಸಲೀಸಾಗಿ ತೂರುವಷ್ಟು ಜಾಗವಿತ್ತು. ಹೈಲಕ್ಸ್‌ನ ಆರು ಸ್ಟಡ್‌ಗಳು (ಚಕ್ರದ ನಟ್ ಕೂರುವ ಬೋಲ್ಟುಗಳು) 139.7 ಮಿ.ಮೀ. ವ್ಯಾಸದ ವೃತ್ತದಲ್ಲಿವೆ, ನಡುವಿನ ರಂಧ್ರ 106.1 ಮಿ.ಮೀ. ಸ್ಟಡ್‌ಗಳ ಇದೇ ವೃತ್ತ ಫೋರ್ಡ್ ರೇಂಜರ್ ಮತ್ತು ಇಸುಜು ಡಿ-ಮ್ಯಾಕ್ಸ್‌ಗಳಲ್ಲೂ ಇರುವುದರಿಂದ ‘ಎಲ್ಲ ಪಿಕಪ್‌ಗಳಿಗೂ ಆಗುತ್ತದೆ’ ಎಂದು ಮಾರುವುದು ರೂಢಿ, ಆದರೆ ಅವುಗಳ ಹಬ್ಬಿನ ಅಳತೆ ಬೇರೆ. ನಡುರಂಧ್ರ ಹಬ್ಬಿಗಿಂತ ದೊಡ್ಡದಿದ್ದರೆ ಉಂಗುರ ಹಾಕಿ ಅಂತರ ತುಂಬಬೇಕು. ಇಲ್ಲವಾದರೆ ಚಕ್ರ ನಡುವಿಗೆ ಸರಿಯಾಗಿ ಕೂರುವ ಹೊಣೆಯೆಲ್ಲ ನಟ್‌ಗಳ ಮೇಲೆಯೇ ಬೀಳುತ್ತದೆ, ತುಸು ಆಚೀಚೆಯಾದರೂ ಹೆದ್ದಾರಿಯ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ನನ್ನ ಸೆಟ್ಟಿನ ರಂಧ್ರ ಹಬ್ಬಿಗೆ ಸರಿಯಾಗಿಯೇ ಇದ್ದುದರಿಂದ ಉಂಗುರದ ಅಗತ್ಯ ಬೀಳಲಿಲ್ಲ.

ನಟ್‌ಗಳ ವಿಷಯದಲ್ಲಿ ಮಾತ್ರ ಮಾರಾಟಗಾರರ ಮೇಲೆ ನನಗೆ ಅಸಮಾಧಾನವಿದೆ. ಟೊಯೋಟಾದ ಹಲವು ಮೂಲ ಅಲಾಯ್‌ಗಳಲ್ಲಿ ನಟ್ಟಿನ ತಳ ಚಪ್ಪಟೆ. ಅದರ ನೇರವಾದ ಕತ್ತು ರಂಧ್ರದೊಳಗೆ ಇಳಿದು, ವಾಷರ್ ಮೇಲೆ ಕೂರುತ್ತದೆ. ಹೊಸ ಚಕ್ರಕ್ಕೆ ಬೇಕಾದದ್ದು 60 ಡಿಗ್ರಿಯ ಶಂಕುವಿನಾಕಾರದ ತಳವಿರುವ, 12 ಮಿ.ಮೀ. ವ್ಯಾಸ ಮತ್ತು 1.5 ಮಿ.ಮೀ. ಪಿಚ್ಚಿನ (ಎಳೆಗಳ ನಡುವಿನ ಅಂತರದ) ನಟ್. ಹಳೆಯ ನಟ್‌ಗಳನ್ನೇ ಹೊಸ ರಂಧ್ರಕ್ಕೆ ಬಿಗಿದರೆ ಅವು ಬಿಗಿಯಾದಂತೆ ತೋರುತ್ತವೆಯೇ ಹೊರತು ಶಂಕುವಿನ ಇಳಿಜಾರಿಗೆ ಒತ್ತಿ ಕೂರುವುದಿಲ್ಲ, ಓಡುತ್ತ ಓಡುತ್ತ ಸಡಿಲಗೊಳ್ಳುತ್ತವೆ. ಪ್ರಾಣಕ್ಕೆ ಸಂಬಂಧಿಸಿದ ಈ ವಸ್ತುವನ್ನು ಸೆಟ್ಟಿನ ಜೊತೆ ಕೊಡದೆ, ಕೇಳಿದ ಮೇಲೆ ಬೇರೆಯಾಗಿ ಮಾರಿದರು. ಅದೇ ಪೆಟ್ಟಿಗೆಯಲ್ಲಿ ಸ್ಟಿಕರುಗಳು ಮಾತ್ರ ಧಾರಾಳವಾಗಿದ್ದವು! ಬಿಗಿಯುವಾಗ ಗಾಳಿ ಗನ್ನಿನ ಕೊನೆಯ ಏಟನ್ನು ನಂಬದೆ, ಕೈಪಿಡಿಯಲ್ಲಿ ಹೇಳಿದ ಬಲಕ್ಕೆ, ಬಿಗಿಯುವ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದ ನಕ್ಷತ್ರದ ಕ್ರಮದಲ್ಲಿ (ಎದುರುಬದುರಿನ ನಟ್‌ಗಳನ್ನು ಒಂದಾದ ಮೇಲೊಂದು) ಬಿಗಿಸಿ, ನೂರು ಕಿಲೋಮೀಟರ್ ಓಡಿಸುವಷ್ಟರಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ಹೊಸ ಬಣ್ಣದ ಪದರ ನಟ್ಟಿನ ಕೆಳಗೆ ಒತ್ತಿಕೊಳ್ಳುವುದರಿಂದ ಆರಂಭದ ಬಿಗಿ ತುಸು ಇಳಿಯುವುದುಂಟು.

ಪಿಕಪ್ ಎಂದರೆ ಸರಕು ಹೊರುವ ಗಾಡಿ. ಚಕ್ರದ ಹಿಂಬದಿಯಲ್ಲಿ ಮೂಡಿಸಿರುವ ಭಾರದ ಗುರುತನ್ನು ನೋಡದೆ ಕೊಳ್ಳುವುದು ಸರಿಯಲ್ಲ. ಹಿಂದಿನ ಆಕ್ಸಲ್‌ಗೆ ಅನುಮತಿಸಿದ ಗರಿಷ್ಠ ಭಾರದ ಅರ್ಧವನ್ನಾದರೂ ಪ್ರತಿ ಚಕ್ರ ಹೊರಬೇಕು. ಕಾರುಗಳಿಗಾಗಿ ಎರಕ ಹೊಯ್ದ ಚಕ್ರಗಳಲ್ಲಿ ಕಾಣುವ 690 ಕೆ.ಜಿ.ಯಂತಹ ಗುರುತು ಇಲ್ಲಿ ಸಾಲುವುದಿಲ್ಲ. ನನ್ನವುಗಳ ಮೇಲೆ 1,150 ಕೆ.ಜಿ. ಎಂದಿದೆ. ಟೈರಿನ ಭಾರ ಸೂಚ್ಯಂಕ 112, ಅಂದರೆ 1,120 ಕೆ.ಜಿ. ಆಗಿರುವುದರಿಂದ ಚಕ್ರ ಟೈರಿಗಿಂತ ಹಿಂದೆ ಬಿದ್ದಿಲ್ಲ. ಜಪಾನಿನ ಮಾನದಂಡದ ಗುರುತು ನೋಡಿಯೇ ತೃಪ್ತರಾಗುವವರು, ಕಾರಿನ ಚಕ್ರಕ್ಕೆ ಜೆಡಬ್ಲ್ಯೂಎಲ್ ಮತ್ತು ಟ್ರಕ್, ಬಸ್ಸುಗಳ ಚಕ್ರಕ್ಕೆ ಜೆಡಬ್ಲ್ಯೂಎಲ್-ಟಿ ಎಂಬ ಎರಡು ಬೇರೆ ಗುರುತುಗಳಿವೆ ಎಂಬುದನ್ನು ಗಮನಿಸುವುದು ಒಳ್ಳೆಯದು.

ಓಡಿಸುವಾಗಿನ ವ್ಯತ್ಯಾಸ ಸಣ್ಣದು. ಟೈರಿನ ಹೊರವ್ಯಾಸ ಮೊದಲಿನಂತೆಯೇ ಸುಮಾರು 776 ಮಿ.ಮೀ. ಇರುವುದರಿಂದ ಸ್ಪೀಡೋಮೀಟರ್ ಮೊದಲಿನಂತೆಯೇ ತೋರಿಸುತ್ತದೆ, ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿದರೂ ಮುಂದಿನ ಬಂಪರ್ ಬದಿಗಾಗಲಿ ಮಡ್ ಫ್ಲ್ಯಾಪಿಗಾಗಲಿ ಟೈರು ಉಜ್ಜುವುದಿಲ್ಲ. ಖಾಲಿ ಗಾಡಿ ಹಿಂದೆ ಕುಪ್ಪಳಿಸುವ ಸ್ವಭಾವ ಎಳ್ಳಷ್ಟೂ ಬದಲಾಗಿಲ್ಲ. ಅದು ಚಕ್ರದ ಕೆಲಸವಲ್ಲ, ಎಲೆ ಸ್ಪ್ರಿಂಗಿನ ಕೆಲಸ. ನೋಟದ ಬಗ್ಗೆ ಹೇಳುವುದಾದರೆ, ಮಡ್‌ಗಾರ್ಡ್ ಮತ್ತು ಟೈರಿನ ನಡುವಿನ ಮೇಲಿನ ಅಂತರ ಇದ್ದ ಹಾಗೆಯೇ ಇದೆ. ಗಾಡಿ ಗಟ್ಟಿಮುಟ್ಟಾಗಿ ಎತ್ತರ ಕಾಣಬೇಕೆಂಬ ಆಸೆಯಿಂದ ಹಣ ಹಾಕುವವರಿಗೆ ಈ ಸೆಟ್ ನಿರಾಸೆ ತರುತ್ತದೆ, ಅವರು ಟೈರಿನ ಕಡೆ ನೋಡುವುದೇ ಮೇಲು. ಸವೆದ ಹಳೆಯ ಟೈರಿಗೆ ಕೆಲವೇ ತಿಂಗಳ ಆಯುಷ್ಯ ಉಳಿದಿದ್ದರೂ ಅಷ್ಟೇ: ಕಳಚುವ, ಏರಿಸುವ, ಬ್ಯಾಲೆನ್ಸ್ ಮಾಡಿಸುವ ಖರ್ಚು ಎರಡು ಸಲ ಬೀಳುತ್ತದೆ.

ಮಂದ ಕಪ್ಪು ಬಣ್ಣ ಬ್ರೇಕಿನ ಧೂಳನ್ನು ಮರೆಮಾಚುತ್ತದೆ, ಒಣಗಿದ ಕೆಸರನ್ನು ಎತ್ತಿ ತೋರಿಸುತ್ತದೆ. ವಾಲ್ವ್ ಕೂರುವ ರಂಧ್ರದ ಅಂಚನ್ನು ಕಾರ್ಖಾನೆಯವರು ಇನ್ನಷ್ಟು ನಯಗೊಳಿಸಬಹುದಿತ್ತು. ಒಂದು ಚಕ್ರದಲ್ಲಿ ಅದು ಉಗುರಿಗೆ ಸಿಗುವಷ್ಟು ಒರಟಾಗಿತ್ತು, ರಬ್ಬರ್ ವಾಲ್ವ್ ಸೇರಿಸುವ ಮುನ್ನ ಮರಳು ಕಾಗದದಿಂದ ಉಜ್ಜಿಸಬೇಕಾಯಿತು.

ಸ್ಟೆಪ್ನಿಗಾಗಿ ಐದನೆಯ ಚಕ್ರ ಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ. ಗಾಡಿಯ ಕೆಳಗೆ ತೂಗುಬಿದ್ದಿರುವ ಮೂಲ ಚಕ್ರದ ಟೈರೂ ಅದೇ ಅಳತೆಯದಾದ್ದರಿಂದ, ನಾಲ್ಕು ಚಕ್ರಗಳಿಗೂ ಬಲ ಹರಿಸುವಾಗ ಡಿಫರೆನ್ಷಿಯಲ್‌ಗೆ (ಚಕ್ರಗಳಿಗೆ ಬಲ ಹಂಚುವ ಗೇರುಗಳಿಗೆ) ತೊಂದರೆಯಾಗುವಷ್ಟು ವ್ಯತ್ಯಾಸ ಬರುವುದಿಲ್ಲ, 10 ಮಿ.ಮೀ. ಆಫ್‌ಸೆಟ್ ವ್ಯತ್ಯಾಸದಲ್ಲಿ ಪಂಕ್ಚರ್ ಅಂಗಡಿಯವರೆಗೆ ಹೋಗಲು ಅಡ್ಡಿಯಿಲ್ಲ. ಆದರೆ ಆ ಸ್ಟೆಪ್ನಿ ಚಪ್ಪಟೆ ತಳದ ನಟ್ ಬೇಡುವ ಮೂಲ ಅಲಾಯ್ ಆಗಿದ್ದರೆ ಹೊಸ ಶಂಕು ನಟ್‌ಗಳು ಅದಕ್ಕೆ ಆಗುವುದಿಲ್ಲ, ಆದ್ದರಿಂದ ಹಳೆಯ ಆರು ನಟ್‌ಗಳನ್ನು ಜಾಕ್ ಇಡುವ ಚೀಲದಲ್ಲಿಯೇ ಹಾಕಿಡಬೇಕು.