ಸಿಎನ್‌ಸಿಗೆ ಡ್ರ್ಯಾಗ್ ನೈಫ್ ಹಾಕೀನಿ: ಕನ್ನಡ ಅಕ್ಷರಕ್ಕ ಬೆಣ್ಣಿ, ನುಕ್ತಾಕ್ಕ ತಲಿನೋವು

ನಂದು ಕಲಬುರಗಿ ಹುಮನಾಬಾದ್ ರಿಂಗ್ ರೋಡ್ ಕಡಿ ಸಣ್ಣ ಸ್ಟಿಕ್ಕರ್ ಅಂಗಡಿ ಅದ. 3018 ಸಿಎನ್‌ಸಿ (ಕಂಪ್ಯೂಟರ್ ಹೇಳ್ದಂಗ ಕೊರಿಯೋ ಸಣ್ಣ ಮಷೀನ್) ಮೊದಲೇ ಇತ್ತು, ಅಕ್ರಿಲಿಕ್ ಮ್ಯಾಲ ಹೆಸರು ಕೊರೀಲಾಕ ತಗೊಂಡಿದ್ದೆ. ವಿನೈಲ್ (ಸ್ಟಿಕ್ಕರ್ ಶೀಟ್) ಕಟಿಂಗ್ ಕೆಲಸ ಬಂದ್ರ ಸೂಪರ್ ಮಾರ್ಕೆಟ್ ಕಡಿ ಪ್ಲಾಟರ್, ಅಂದ್ರ ಅದನ್ನ ಕತ್ತರಸೋ ಮಷೀನ್, ಇದ್ದವ್ರ ಹತ್ರ ಹೋಗಿ ಪಾಳಿ ಹಚ್ಚಬೇಕು, ಶರಣಬಸವೇಶ್ವರ ಜಾತ್ರಿ ಟೈಮಿಗಂತೂ ಅವ್ರು ಫೋನೇ ಎತ್ತಂಗಿಲ್ಲ. ಅದಕ್ಕ ಆನ್‌ಲೈನ್‌ದಾಗ ಈ ಡ್ರ್ಯಾಗ್ ನೈಫ್ ತರಿಸ್ದೆ, ಜೊತಿಗೆ 45 ಡಿಗ್ರಿದು ಐದು ಬ್ಲೇಡ್ ಬಂದಾವ. ಆರು ತಿಂಗಳಾತು ಬಳಸ್ಲಾಕತ್ತಿ.

ಗೊತ್ತಿಲ್ಲದವ್ರಿಗೆ ಹೇಳ್ತೀನಿ, ಇದು ತಿರುಗೋ ಬಿಟ್ ಅಲ್ಲ. ಸಿಲಿಂಡರ್ ಟ್ರಾಲಿ ಗಾಲಿ ಎಳದ ಕಡಿ ತಾನೇ ಹೊಳ್ಳತದಲ್ಲ, ಹಂಗೇ ಬ್ಲೇಡ್ ಬೇರಿಂಗ್ ಒಳಗ ಹೊಳ್ಳಕೋತ ಹಿಂದ ಹಿಂದ ಬರ್ತದ. ಸ್ಪಿಂಡಲ್ (ಬಿಟ್ ತಿರುಗಿಸೋ ಮೋಟಾರ್) ಬಂದ್ ಇರ್ಬೇಕು. ನಾ ಮೊದಲ್ನೇ ದಿನ ಹಳೇ ಫೈಲ್ ಹಚ್ಚೀನಿ, ಅದರಾಗ ಸ್ಪಿಂಡಲ್ ಚಾಲೂ ಮಾಡೋ ಎಂ3 ಲೈನ್ ಹಂಗೇ ಉಳದಿತ್ತು, ಮೋಟಾರ್ ಭರ್ರ್ ಅಂತು, ಶೀಟ್ ಸುತ್ತಕೊಂಡು ಹೋತು, ಒಂದು ಬ್ಲೇಡಿನ ತುದಿ ಎಲ್ಲಿ ಹಾರ್ತೋ ಇವತ್ತಿಗೂ ಸಿಕ್ಕಿಲ್ಲ. ಕಣ್ಣಿಗಿ ಬಡೀಲಿಲ್ಲ, ದೇವರ ದಯ. ಈಗ ಸ್ಪಿಂಡಲ್ ವೈರ್ ಕಿತ್ತೇ ಕೂಡ್ತೀನಿ.

ಖರೇ ಆಟ ಇರೋದು ಮೂಲ್ಯಾಗ. ಬ್ಲೇಡ್ ತುದಿ ನಡು ಸೆಂಟರ್‌ದಾಗ ಇರಂಗಿಲ್ಲ, ನಂದ್ರಾಗ 0.25 ಮಿಲಿಮೀಟರ್ ಹಿಂದ ಅದ. ಪ್ಲಾಟರಿಗೆ ಇದು ಹುಟ್ಟಾ ಗೊತ್ತಿರ್ತದ, ಸಿಎನ್‌ಸಿಗೆ ಏನೂ ಗೊತ್ತಿಲ್ಲ, ಅದು ಬಿಟ್ ಅದ ಅಂತನೇ ತಿಳ್ಕೊಂಡು ಓಡ್ತದ. ಅದಕ್ಕ ಸಾಫ್ಟ್‌ವೇರ್‌ದಾಗ ಈ ಅಂತರ, ಅಂದ್ರ ಆಫ್‌ಸೆಟ್, ಹಾಕ್ಬೇಕು, ಆವಾಗ ಮೂಲಿ ಬಂದ್ರ ಸ್ವಲ್ಪ ಮುಂದ ಹೋಗಿ ಸಣ್ಣ ಕಮಾನು ಹೊಡದು ಬ್ಲೇಡ್ ಹೊಳ್ಳಿಸ್ಕೊಂಡು ಬರ್ತದ. ಹಾಕ್ಲಿಲ್ಲಂದ್ರ ಇಂಗ್ಲಿಷ್ ಈ, ಟಿ ಅಕ್ಷರದ ಮೂಲಿ ಎಲ್ಲಾ ಸವದ ಸಬಕಾರದಂಗ ಆಗ್ತಾವ. ಕೆಲಸ ಶುರು ಮಾಡೋಮೊದಲು ವೇಸ್ಟ್ ಜಾಗದಾಗ ಒಂದು ಗೆರಿ ಎಳೀರಿ, ಬ್ಲೇಡ್ ಯಾವ ಕಡಿ ಮಾರಿ ಮಾಡಿ ನಿಂತದೋ ಯಾರಿಗ್ಗೊತ್ತು.

ಇಲ್ಲೇ ನಮ್ಮ ಕನ್ನಡ ಗೆಲ್ತದ ನೋಡ್ರಿ. ನಮ್ಮ ಅಕ್ಷರ ಎಲ್ಲಾ ಗುಂಡ ಗುಂಡ, ಬ್ಲೇಡ್ ನಿಲ್ಲದೇ ಹೊಳ್ಳಕೋತ ಹೋಗ್ತದ, ‘ಜ’ ‘ಣ’ ಕತ್ತರ್ಸಿದ್ದು ನೋಡ್ಬೇಕು, ಬೆಣ್ಣ್ಯಾಗ ಚಾಕು ಹಾಕಿದಂಗ. ಒತ್ತಕ್ಷರ ಸಣ್ಣದಿದ್ರ, ‘ಠ’ ನಡುವಿನ ಚುಕ್ಕಿ ಇದ್ರ ಅಷ್ಟೇ ತ್ರಾಸ. ಆದ್ರ ನಮ್ಮೂರಾಗ ಬೋರ್ಡ್ ಅಂದ್ರ ಉರ್ದುನೂ ಬೇಕಲ್ಲ. ಒಬ್ರು ಚಾಚಾ ಹೋಟೆಲ್ ಬೋರ್ಡ್ ಕೊಟ್ಟಿದ್ರು, ನಸ್ತಾಲೀಖ್ (ಉರ್ದು ಬರಿಯೋ ಶೈಲಿ) ಬಳಕು ಎಲ್ಲಾ ಚಂದ ಬಂತು, ಆದ್ರ ನುಕ್ತಾ, ಅಂದ್ರ ಅಕ್ಷರದ ಮ್ಯಾಲ ಕೆಳಗ ಬರೋ ಚುಕ್ಕಿ, ಸಣ್ಣ ಸಣ್ಣ ವಜ್ರದಂಗ ಇರ್ತಾವ, ನಾಕೂ ಕಡಿ ಚೂಪು ಮೂಲಿ, ಬ್ಲೇಡ್ ಹೊಳ್ಳೋದ್ರಾಗ ನುಕ್ತಾನೇ ಎದ್ದು ಬ್ಲೇಡಿಗಿ ಅಂಟ್ತದ. ಉರ್ದು ‘ಬೇ’ ಅಕ್ಷರದ ಕೆಳಗಿನ ನುಕ್ತಾ ಹಂಗೇ ಹೋಗಿತ್ತು, ಚಾಚಾ ‘ಬೇಟಾ, ಇದು ಬೇ ಅಲ್ಲ, ಖಾಲಿ ದೋಣಿ’ ಅಂತ ನಕ್ರು. ಈಗ 3-4 ಮಿಲಿಮೀಟರಿಗಿಂತ ಸಣ್ಣ ನುಕ್ತಾ ಇದ್ರ ಕಟರ್ ಹಿಡದು ಕೈಲೇ ಕತ್ತರಸ್ತೀನಿ, ನಾಚಿಕಿ ಏನಿಲ್ಲ.

ಎರಡ್ನೇ ತಲಿನೋವು ಕೆಳಗಿನ ಹಲಗಿ. ವಿನೈಲ್ ದಪ್ಪ ಸುಮಾರು 0.08 ಮಿಲಿಮೀಟರ್, ಅದನ್ನ ಕತ್ತರಸಿ ಕೆಳಗಿನ ಕಾಗದ ಉಳೀಬೇಕು, ನನ್ನ ಎಂಡಿಎಫ್ ಹಲಗಿ ನೋಡಿದ್ರ ಒಂದ್ ಕಡಿ ಎತ್ತರ ಒಂದ್ ಕಡಿ ತಗ್ಗು, ಎಡಕ್ಕ ಕಾಗದನೂ ಹರೀತದ ಬಲಕ್ಕ ಗೀರೂ ಬೀಳಂಗಿಲ್ಲ. ಸ್ಪ್ರಿಂಗ್ ಇರೋ ಹೋಲ್ಡರೇ ತಗೋರಿ, ಮೂತಿ ಶೀಟ್ ಮ್ಯಾಲ ಕುಂತಿರ್ತದ, ತಗ್ಗು ದಿಬ್ಬ ಅದೇ ನೋಡ್ಕೋತದ, ನೀವು ಬ್ಲೇಡ್ ಎಷ್ಟು ಹೊರಗ ಅದ ಅನ್ನೋದಷ್ಟೇ ಸೆಟ್ ಮಾಡಿದ್ರಾತು. ಕೆಳಗ ಹಸರು ಕಟಿಂಗ್ ಮ್ಯಾಟ್ ಹಾಕೀನಿ, ಶೀಟ್ ಸುತ್ತ ಮಾಸ್ಕಿಂಗ್ ಟೇಪ್. ಬಿಸಿಲಿಗಿ ಮಧ್ಯಾಹ್ನ ಗಮ್ ಮೆತ್ತಗಾಗಿ ಬ್ಲೇಡಿಗಿ ಹತ್ತತದ, ಏಪ್ರಿಲ್ ಮೇದಾಗ ಮುಂಜಾನಿ ಹತ್ತರೊಳಗೇ ಮುಗಸ್ತೀನಿ.

ಲೇಸರ್ ತಗೋಬೋದಿತ್ತಲ್ಲ ಅಂತ ದಿನಾ ಒಬ್ರು ಕೇಳ್ತಾರ. ಅಣ್ಣಾ, ಸ್ಟಿಕ್ಕರ್ ವಿನೈಲ್ ಅಂದ್ರ ಪಿವಿಸಿ, ಲೇಸರ್ ಬಿಟ್ರ ಹೈಡ್ರೋಜನ್ ಕ್ಲೋರೈಡ್ ಹೊಗಿ ಬರ್ತದ, ಮಷೀನ್ ತುಕ್ಕು ಹಿಡೀತದ, ಎದಿನೂ ಕೆಡ್ತದ.

ಸ್ಟೆನ್ಸಿಲ್ ಶೀಟ್, ಕಾರ್ಡ್‌ಬೋರ್ಡ್, ಗ್ಯಾಸ್ಕೆಟ್ ಪೇಪರ್ ಎಲ್ಲಾ ಆಗ್ತದ, ದಪ್ಪ ಇದ್ರ ಎರಡ್ಮೂರು ಸಲ ಓಡಸ್ಬೇಕು. ಟ್ರಾಕ್ಟರ್ ಟ್ರಾಲಿ ಮ್ಯಾಲ ಹೆಸರು ಬರೆಯೋ ಪೇಂಟರ್ ಮಾಮಾ ಈಗ ಸ್ಟೆನ್ಸಿಲ್ ನನ್ನ ಹತ್ರನೇ ಒಯ್ತಾರ. ಅಕ್ರಿಲಿಕ್ ಕತ್ತರಸ್ತದೇನು ಅಂತ ಕೇಳ್ಬ್ಯಾಡ್ರಿ, ಇಲ್ಲ. 300 ಬೈ 180 ಮಿಲಿಮೀಟರ್ ಜಾಗದಾಗ ದೊಡ್ಡ ಬೋರ್ಡೂ ಆಗಂಗಿಲ್ಲ, ತುಂಡು ತುಂಡು ಮಾಡಿ ಜೋಡಸ್ಬೇಕು. ಮನ್ಯಾಗ ಸಿಎನ್‌ಸಿ ಇದ್ರ ಕಣ್ಣು ಮುಚ್ಚಿ ತಗೋರಿ, ಬರೇ ವಿನೈಲ್ ಕತ್ತರಸ್ಲಾಕ ಹೊಸಾ ಸಿಎನ್‌ಸಿ ತಗೊಂಬೋದಾದ್ರ ಬ್ಯಾಡ, ಪ್ಲಾಟರೇ ತಗೋರಿ. ಐದ್ರಾಗ ಎರಡು ಬ್ಲೇಡ್ ಉಳದಾವ, ಒಂದು ಹಾರಿದ್ದು ನಂದೇ ತಪ್ಪು, ಲೆಕ್ಕಕ್ಕ ಹಿಡೀಬ್ಯಾಡ್ರಿ.