ಕ್ಯಾಲ್ಗರಿಯಲ್ಲಿ ಹಿತ್ತಲು ಮಾಡಿಸಿದ ಲ್ಯಾಂಡ್‌ಸ್ಕೇಪಿಂಗ್ ಕಾಂಟ್ರಾಕ್ಟರ್: ಚಳಿಗಾಲ ಕಳೆದ ಮೇಲಿನ ರಿವ್ಯೂ

ನಾವಿರೋದು ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿಯ ಉತ್ತರ ಭಾಗದಲ್ಲಿ. 2023ರ ಬೇಸಿಗೆಯಲ್ಲಿ ಹಿತ್ತಲಿಗೆ ಪೇವರ್ ಕಲ್ಲಿನ ಪ್ಯಾಟಿಯೋ (ನೆಲಕ್ಕೆ ಕಲ್ಲು ಜೋಡಿಸಿದ ಅಂಗಳ), ಕೂತ್ಕೊಳ್ಳೋಕೆ ಜಗಲಿ ಥರದ್ದು ಒಂದು ಗಿಡ್ಡ ಕಲ್ಲಿನ ಕಟ್ಟೆ, ಸುತ್ತ ಒಂದಷ್ಟು ಗಿಡ ಹಾಕಿಸಿದ್ವಿ. ಕೆಲಸ ಮುಗಿದ ವಾರಕ್ಕೇ ರಿವ್ಯೂ ಹಾಕಿ ಅಂತ ಮೆಸೇಜ್ ಬಂತು, ನಾನು ಹಾಕ್ಲಿಲ್ಲ, ಯಾಕಂದ್ರೆ ಈ ಊರಲ್ಲಿ ಹೊಸ ಪ್ಯಾಟಿಯೋ ಯಾವ್ದಾದ್ರೂ ಸೆಪ್ಟೆಂಬರ್ ತನಕ ಚೆನ್ನಾಗೇ ಕಾಣುತ್ತೆ. ಕಲ್ಲು ಅಲ್ಲಾಡಿದ್ಯಾ, ಎದ್ದು ಕೂತಿದ್ಯಾ ಅನ್ನೋದು ಸ್ನೋ ಕರಗಿದ ಮೇಲೆ, ಏಪ್ರಿಲಲ್ಲಿ ಗೊತ್ತಾಗೋದು. ಈಗ ಚಳಿಗಾಲಗಳು ಕಳೆದಿವೆ, ಧೈರ್ಯವಾಗಿ ಬರೀತೀನಿ. ಕಂಪನಿ ಹೆಸರು ಹಾಕ್ತಿಲ್ಲ, ಹೊಗಳೋದರ ಜೊತೆ ಒಂದೆರಡು ದೂರೂ ಇದೆ.

ಮೊದಲು ಒಳ್ಳೇದು. ಪ್ಯಾಟಿಯೋ ಒಂದು ಕಲ್ಲೂ ಕದಲಿಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ಹೊಸದಾಗಿ ಬಂದೋರಿಗೆ ಅರ್ಥ ಆಗೋದು ಕಷ್ಟ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಇಲ್ಲಿನ ಮಣ್ಣು ಜೇಡಿಮಣ್ಣು, ನೀರು ಕುಡಿದ್ರೆ ಬಿಡೋದೇ ಇಲ್ಲ. ಮನೆ ಪಾಯನ ಕಡಿಮೆ ಅಂದ್ರೂ 1.2 ಮೀಟರ್ ಆಳಕ್ಕೆ ಇಳಿಸ್ತಾರೆ ಅಂದ್ರೆ ನೆಲ ಎಷ್ಟು ಆಳಕ್ಕೆ ಹೆಪ್ಪುಗಟ್ಟಬಹುದು ನೀವೇ ಲೆಕ್ಕ ಹಾಕಿ. ನೀರು ಐಸ್ ಆಗುವಾಗ ಸುಮಾರು 9% ಹಿಗ್ಗುತ್ತೆ, ಅದಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ, ಆದ್ರೆ ಹೆಪ್ಪುಗಟ್ಟೋ ಜಾಗ ಕೆಳಗಿಂದ ಇನ್ನೂ ನೀರು ಎಳ್ಕೊಂಡು ಐಸಿನ ಪದರ ಪದರ ಬೆಳೆಸ್ತಾ ಹೋಗುತ್ತೆ, ಮೇಲಿರೋ ಕಲ್ಲು, ಮೆಟ್ಟಿಲು, ಬೇಲಿ ಕಂಬ ಎಲ್ಲಾನೂ ಎತ್ತಿಬಿಡುತ್ತೆ. ಅದರ ಮೇಲೆ ಚಿನೂಕ್ ಅನ್ನೋ ಬೆಚ್ಚಗಿನ ಒಣಗಾಳಿ ಬೇರೆ. ಬೆಳಗ್ಗೆ ಮೈನಸ್ 20 ಇದ್ದದ್ದು ರಾಕೀಸ್ ಬೆಟ್ಟಗಳ ಕಡೆಯಿಂದ ಗಾಳಿ ಬೀಸಿದ್ರೆ ಒಂದೇ ದಿನದಲ್ಲಿ ಪ್ಲಸ್ ಆಗಿಬಿಡುತ್ತೆ, ಕರಗುತ್ತೆ, ರಾತ್ರಿ ಮತ್ತೆ ಗಟ್ಟಿ. ಒಂದೇ ಸಲ ಗಟ್ಟಿಯಾಗಿ ಏಪ್ರಿಲ್‌ವರೆಗೆ ಹಾಗೇ ಇರೋ ಊರಿಗಿಂತ ಇಲ್ಲಿ ಕಲ್ಲಿಗೆ ಕಷ್ಟ ಜಾಸ್ತಿ.

ಚಳಿ, ನೀರು, ಜೇಡಿಮಣ್ಣು ಮೂರೂ ಸೇರಿದ್ರೆ ನೆಲ ಏಳುತ್ತೆ. ಚಳಿ ನಮ್ಮ ಕೈಯಲ್ಲಿಲ್ಲ, ಮಿಕ್ಕಿದ್ದೆರಡನ್ನ ತೆಗೀಬೇಕು. ಇವರು ಅದನ್ನೇ ಮಾಡಿದ್ರು. ಒಂದಡಿ ಹತ್ರ ಮಣ್ಣು ತೆಗೆದು, ಮಣ್ಣು ಜಲ್ಲಿ ಬೆರೆಯದ ಹಾಗೆ ತಡೆಯೋ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ ಜಲ್ಲಿ. ಪೂರ್ತಿ ಜಲ್ಲಿ ಒಂದೇ ಸಲ ಸುರಿದು ಮೇಲಿಂದ ಮೆಷಿನ್ ಓಡಿಸಿದ್ರೆ ಮೇಲ್ಪದರ ಮಾತ್ರ ಗಟ್ಟಿಯಾಗುತ್ತೆ, ತಳ ಸಡಿಲ ಉಳಿಯುತ್ತೆ. ಇವರು ಮೂರ್ನಾಲ್ಕು ಇಂಚು ಹಾಕೋದು, ಸ್ವಲ್ಪ ನೀರು ಚಿಮುಕಿಸೋದು, ಪ್ಲೇಟ್ ಕಾಂಪ್ಯಾಕ್ಟರ್ (ಜಲ್ಲಿ ಅದುಮೋ ಮೆಷಿನ್) ಓಡಿಸೋದು, ಮತ್ತೆ ಮೂರ್ನಾಲ್ಕು ಇಂಚು. ಅದರ ಮೇಲೆ ಒಂದಿಂಚು ಮರಳು, ಆಮೇಲೆ ಕಲ್ಲು. ಮನೆಯಿಂದ ಆಚೆಗೆ ಒಂದಡಿಗೆ ಕಾಲಿಂಚು ಇಳಿಜಾರು, ದಾರ ಕಟ್ಟಿ ಮೂಲೆ ಮೂಲೇಲಿ ಅಳೆದ್ರು.

ಫೋರ್‌ಮ್ಯಾನ್ ಒಬ್ಬಳು ಹೆಂಗಸು, ರೆಡ್ ಸೀಲ್ (ಕೆನಡಾದ ಎಲ್ಲ ಕಡೆ ಒಪ್ಪೋ ಕಸುಬಿನ ಅರ್ಹತೆ) ಪಡೆದೋಳು. ಲ್ಯಾಂಡ್‌ಸ್ಕೇಪ್ ಹಾರ್ಟಿಕಲ್ಚರಿಸ್ಟ್ ಅನ್ನೋದು ಕೆನಡಾದಲ್ಲಿ ರೆಡ್ ಸೀಲ್ ಇರೋ ಕಸುಬು, ಎಲೆಕ್ಟ್ರಿಷಿಯನ್ ಥರಾನೇ ಅಪ್ರೆಂಟಿಸ್ ಆಗಿ ದುಡಿದು ಪರೀಕ್ಷೆ ಪಾಸಾಗ್ಬೇಕು. ಕೊನೇ ದಿನ ಕಲ್ಲಿನ ಸಂದಿಗೆ ಪಾಲಿಮರಿಕ್ ಸ್ಯಾಂಡ್ (ನೀರು ಬಿದ್ರೆ ಗಟ್ಟಿಯಾಗಿ ಅಂಟಿಕೊಳ್ಳೋ ಮರಳು) ತುಂಬೋದಿತ್ತು, ಪಶ್ಚಿಮದ ಕಡೆ ಮೋಡ ಕಂಡಿದ್ದೇ ನಿಲ್ಲಿಸಿಬಿಟ್ಳು. ಹುಡುಗರು ಚೀಲ ಹರಿಯೋಕೆ ರೆಡಿ ಇದ್ರು, ಅವಳು ಮಂಡಿಯೂರಿ ಎರಡು ಕಲ್ಲಿನ ಮಧ್ಯೆ ಬೆರಳು ತೂರಿಸಿ ನೋಡಿ, ಒಳಗೆ ಇನ್ನೂ ತೇವ ಇದೆ, ಈಗ ಹಾಕಿದ್ರೆ ಮೇಲೆಲ್ಲ ಬಿಳಿ ಮಬ್ಬು ಕೂರುತ್ತೆ, ಬೇಡ ಅಂದ್ಳು. ಮುಂದಿನ ವಾರ ಬಂದು, ಬ್ಲೋವರ್‌ನಲ್ಲಿ ಧೂಳು ಪೂರ್ತಿ ಹಾರಿಸಿ, ಮಂಜಿನ ಹಾಗೆ ನೀರು ಹೊಡೆದು ಮುಗಿಸಿದ್ರು. ಇನ್ನೊಂದು ಮನೆ ಕೆಲಸ ಕಾಯ್ತಾ ಇದ್ರೂ ಅವಳು ಅವಸರ ಮಾಡ್ಲಿಲ್ಲ, ನನಗೆ ಈ ಕಂಪನಿ ಮೇಲೆ ನಂಬಿಕೆ ಬಂದಿದ್ದು ಅಲ್ಲೇ.

ಲೈಸೆನ್ಸ್ ವಿಷಯ. ಆಲ್ಬರ್ಟಾದಲ್ಲಿ ಕಾಂಟ್ರಾಕ್ಟರ್ ನಿಮ್ಮ ಮನೆಗೇ ಬಂದು ಒಪ್ಪಂದ ಮಾಡ್ಕೊಂಡು ಕೆಲಸ ಮುಗಿಯೋ ಮೊದ್ಲೇ ದುಡ್ಡು ತಗೊಂಡ್ರೆ ಅವನ ಹತ್ರ ಪ್ರಾಂತ್ಯದ ಪ್ರಿಪೇಯ್ಡ್ ಕಾಂಟ್ರಾಕ್ಟಿಂಗ್ ಲೈಸೆನ್ಸ್ ಇರ್ಲೇಬೇಕು, ಆ ಲೈಸೆನ್ಸಿಗೆ ಅವನು ಸೆಕ್ಯೂರಿಟಿ ಕಟ್ಟಿರ್ತಾನೆ, ಸರ್ಕಾರದ ಸೈಟಲ್ಲಿ ಹೆಸರು ಹಾಕಿ ಚೆಕ್ ಮಾಡಬಹುದು. ಸೈನ್ ಮಾಡಿದ ಕಾಪಿ ಕೈಗೆ ಬಂದ 10 ದಿನದೊಳಗೆ ಕಾರಣ ಕೊಡದೆ ರದ್ದು ಮಾಡೋ ಹಕ್ಕೂ ನಿಮಗಿದೆ. ಆದ್ರೆ ಗಮನ ಇರ್ಲಿ, ಅದು ದುಡ್ಡಿಗೆ ರಕ್ಷಣೆ, ಅವನಿಗೆ ಜಲ್ಲಿ ಹಾಸೋಕೆ ಬರುತ್ತೆ ಅನ್ನೋಕೆ ಸಾಕ್ಷಿ ಅಲ್ಲ. ಕೆಲಸ ಬರುತ್ತಾ ಅಂತ ತಿಳ್ಕೊಳ್ಳೋಕೆ ಎರಡು ಮೂರು ಚಳಿಗಾಲ ಕಂಡ ಅವರ ಹಳೇ ಕೆಲಸ ತೋರಿಸಿ ಅಂತ ಕೇಳಿ. ಕೆಲಸಗಾರರ ಇನ್ಶೂರೆನ್ಸಿಗೆ ಡಬ್ಲ್ಯೂಸಿಬಿ (ಕೆಲಸಗಾರರ ಪರಿಹಾರ ಮಂಡಳಿ) ಕ್ಲಿಯರೆನ್ಸ್ ಪತ್ರಾನೂ ಕೇಳಿ, ಸರಿಯಾದೋರು ಮುಖ ಸಿಂಡರಿಸದೆ ಕೊಡ್ತಾರೆ. ಅಗೆಯೋಕೆ ಮುಂಚೆ ಯುಟಿಲಿಟಿ ಲೊಕೇಟ್, ಅಂದ್ರೆ ನೆಲದೊಳಗಿನ ಪೈಪು ವೈರು ಎಲ್ಲಿವೆ ಅಂತ ಗುರುತು, ಮಾಡಿಸ್ಲೇಬೇಕು. ನಮ್ಮ ಹಿತ್ತಲಲ್ಲಿ ಗ್ಯಾಸಿಗೆ ಹಳದಿ, ಕರೆಂಟಿಗೆ ಕೆಂಪು ಗುರುತು ಬೀಳೋ ತನಕ ಇವರು ಸಲಿಕೆ ಮುಟ್ಲಿಲ್ಲ.

ಗಿಡಗಳ ವಿಷಯದಲ್ಲಿ ನನ್ನ ಹೆಂಡತಿಗೆ ಜಪಾನೀಸ್ ಮೇಪಲ್ ಬೇಕಿತ್ತು, ಅವರು ನೇರವಾಗಿ ಮಾರಲ್ಲ ಅಂದ್ಬಿಟ್ರು, ಇಲ್ಲಿ ಉಳಿಯಲ್ಲ, ಅದರ ಬದ್ಲು ಅಮೂರ್ ಮೇಪಲ್ ಹಾಕಿ, ಶರತ್ಕಾಲದಲ್ಲಿ ಕೆಂಪು ಬಣ್ಣ ಅದಕ್ಕೂ ಬರುತ್ತೆ ಅಂತ. ಜೊತೆಗೆ ಲೈಲಾಕ್, ಸಾಸ್ಕಟೂನ್ ಬೆರ್ರಿ, ಪೊಟೆಂಟಿಲ್ಲಾ, ಒಂದು ಸ್ಪ್ರೂಸ್. ಸ್ಪ್ರೂಸಿಗೆ ಅಕ್ಟೋಬರಲ್ಲಿ ನೆಲ ಗಟ್ಟಿಯಾಗೋ ಮುಂಚೆ ಬೇರು ತೋಯೋ ಹಾಗೆ ನೀರು ಕೊಡಿ ಅಂತ ಹೇಳಿ ಹೋಗಿದ್ರು. ಚಿನೂಕ್ ಒಣಗಾಳಿ ಎಲೆಯಿಂದ ತೇವ ಹೀರುತ್ತೆ, ಬೇರು ಹೆಪ್ಪುಗಟ್ಟಿದ ನೆಲದಲ್ಲಿ ನೀರು ಎಳ್ಕೊಳ್ಳೋಕಾಗಲ್ಲ, ಅದಕ್ಕೇ ಎಷ್ಟೋ ಮನೆಯ ಸ್ಪ್ರೂಸ್ ವಸಂತಕ್ಕೆ ಕಂದು ಬಣ್ಣಕ್ಕೆ ತಿರುಗಿರುತ್ತೆ. ನಮ್ಮದು ಹಸಿರಾಗೇ ಇದೆ.

2024ರ ಜೂನ್ 5ಕ್ಕೆ ಬೇರ್ಸ್‌ಪಾ ಅನ್ನೋ ಊರಿನ ಮುಖ್ಯ ನೀರಿನ ಪೈಪ್ ಒಡೆದು ಊರಿಗೆಲ್ಲ ಹೊರಗಡೆ ನಲ್ಲಿ ನೀರು ಬಳಸ್ಬಾರ್ದು ಅಂತ ಆಯ್ತಲ್ಲ, ಆಗ ಗಿಡ ಉಳಿದಿದ್ದು ಇವರು ಬುಡಕ್ಕೆ ದಪ್ಪಗೆ ಹಾಕಿದ್ದ ಮರದ ಚಕ್ಕೆಯಿಂದ, ಹಟ ಮಾಡಿ ಇಡಿಸಿದ್ದ ಮಳೆನೀರಿನ ಬ್ಯಾರಲ್‌ನಿಂದ. ಅದೇ ಆಗಸ್ಟ್ 5ಕ್ಕೆ ಬಿದ್ದ ಆಲಿಕಲ್ಲಿಗೆ ಎಲೆ ಎಲ್ಲ ಚಿಂದಿ, ಆದ್ರೂ ಮುಂದಿನ ವರ್ಷ ಚಿಗುರಿದ್ವು.

ಈಗ ದೂರು. ಮೇ ಕೊನೇಲಿ ಶುರು ಅಂದಿದ್ದು ಜೂನ್ ನಡುವಿಗೆ ಬಂದ್ರು. ಇಲ್ಲಿ ಮೇ ಲಾಂಗ್ ವೀಕೆಂಡ್ ಆದ್ಮೇಲೂ ಸ್ನೋ ಬೀಳ್ಬಹುದು, ಹವಾಮಾನದಿಂದ ತಡ ಆದ್ರೆ ನಾನು ಜಗಳ ಆಡಲ್ಲ, ಆದ್ರೆ ಒಂದು ಫೋನ್ ಮಾಡಿ ಹೇಳೋಕೆ ಏನು ಕಷ್ಟ? ಆಫೀಸಿಗೆ ಮಾಡಿದ್ರೆ ವಾಯ್ಸ್‌ಮೇಲ್. ತೆಗೆದ ಜೇಡಿಮಣ್ಣು ಸಾಗಿಸೋ ಖರ್ಚು ಕೊಟೇಶನ್ನಲ್ಲಿ ಒಂದು ಸಾಲಲ್ಲಿ ಮುಚ್ಚಿಟ್ಟ ಹಾಗಿತ್ತು, ಬಿಲ್ಲಲ್ಲಿ ದೊಡ್ಡದಾಗಿ ಬಂತು. ಒಂದಡಿ ಅಗೆದ್ರೆ ಎಷ್ಟು ಮಣ್ಣು ಬರುತ್ತೆ ಅಂತ ಅವರಿಗೆ ಗೊತ್ತಿರಲ್ವಾ, ಮೊದ್ಲೇ ಸರಿಯಾಗಿ ಬರೀಬೇಕಿತ್ತು. ನೀವು ಸೈನ್ ಮಾಡೋ ಮುಂಚೆ ಮಣ್ಣು ಸಾಗಾಣಿಕೆ ಒಳಗೊಂಡಿದ್ಯಾ ಅಂತ ಬರೆಸ್ಕೊಳ್ಳಿ. ಜಲ್ಲಿ ಎಷ್ಟು ಇಂಚು ಅನ್ನೋದನ್ನೂ ಬರೆಸ್ಕೊಳ್ಳಿ, ನಮಗೆ ಬಂದ ಕಮ್ಮಿ ರೇಟಿನ ಇನ್ನೊಂದು ಕೊಟೇಶನ್ನಲ್ಲಿ ಆ ಸಂಖ್ಯೆನೇ ಇರ್ಲಿಲ್ಲ.

ರೇಟ್ ಜಾಸ್ತಿನೇ. ಇವರಿಗೆ ನೆಲ ಸಿಗೋದು ಮೇಯಿಂದ ಅಕ್ಟೋಬರ್, ಮಿಕ್ಕ ತಿಂಗಳು ಅದೇ ಹುಡುಗರು ರಾತ್ರಿ ಎರಡು ಗಂಟೆಗೆ ಎದ್ದು ಪಾರ್ಕಿಂಗ್ ಲಾಟಿನ ಸ್ನೋ ತಳ್ತಾರೆ. ವರ್ಷದ ಸಂಬಳ ಆ ಕೆಲವು ತಿಂಗಳಲ್ಲಿ ಹುಟ್ಟಬೇಕು, ಅದಕ್ಕೆ ನಾನು ಚೌಕಾಸಿ ಮಾಡ್ಲಿಲ್ಲ.

ಕೆಲಸಕ್ಕೆ ಐದಕ್ಕೆ ಐದು, ಆಫೀಸಿಗೆ ಎರಡು. ಬರೀ ಹುಲ್ಲು ಹಾಸಿಸೋದಿದ್ರೆ ಇಷ್ಟು ದುಬಾರಿ ಜನ ಬೇಡ. ಕಲ್ಲು, ಕಟ್ಟೆ, ಮೆಟ್ಟಿಲು ಇದ್ರೆ ಫೆಬ್ರವರಿಲೇ ಫೋನ್ ಮಾಡಿ, ಮೇನಲ್ಲಿ ಮಾಡಿದ್ರೆ ಆ ವರ್ಷದ ಲಿಸ್ಟಲ್ಲಿ ಜಾಗ ಸಿಗಲ್ಲ.